ನಮ್ಮ ರೆಸಾರ್ಟಿನ ಬಡ್ತಿ ಪವಾಡಗಳು

ಪವಾಡ ನೋಡಲು ಜನ ಹರಕೆ ಹೊತ್ತು ಎಲ್ಲೆಲ್ಲಿಗೋ ಹೋಗುತ್ತಾರೆ. ಮೂಡಿಗೆರೆ ಹತ್ತಿರ ಕಾಫಿ ತೋಟದೊಳಗಿನ ರೆಸಾರ್ಟೊಂದರಲ್ಲಿ ಜೀಪ್ ಓಡಿಸುವ ನನಗೆ ಆ ಖರ್ಚಿಲ್ಲ. ವರ್ಷಕ್ಕೊಮ್ಮೆ ಮ್ಯಾನೇಜರ್ ನಮ್ಮ ಕೆಲಸಕ್ಕೆ ಅಂಕ ಹಾಕಲು ಕೂತರೆ ಸಾಕು, ಒಂದಲ್ಲ ಒಂದು ಪವಾಡ ನಡೆದೇ ತೀರುತ್ತದೆ. ಸಿಟ್ಟು ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸಿಟ್ಟಿಗಿಂತ ಮೊದಲು ಬೆರಗು. ಒಬ್ಬ ಮನುಷ್ಯನ ತಲೆಗೆ ಇದೆಲ್ಲ ಹೊಳೆಯುವುದಾದರೂ ಹೇಗೆ!

ನನಗೆ ಬೇಕಾಗಿದ್ದುದು ಸೂಪರ್‌ವೈಸರ್ ಕೆಲಸ. ಅದಕ್ಕೆ ಕ್ವಾರ್ಟರ್ಸ್ ಕೊಡುತ್ತಾರೆ. ಡ್ರೈವರುಗಳಿಗೆ ಇರುವುದು ಒಂದೇ ರೂಮು, ಸಾಲಾಗಿ ಚಾಪೆ ಹಾಸಿಕೊಂಡು ಮಲಗಬೇಕು. ಹಾಗಾಗಿ ಹೆಂಡತಿ, ಮಗಳು ಚಿಕ್ಕಮಗಳೂರಿನಲ್ಲಿ ನನ್ನ ಮಾವನ ಮನೆಯಲ್ಲಿದ್ದಾರೆ, ನಾನು ಇಲ್ಲಿದ್ದೇನೆ.

ಮಂಜು

ಒಂದು ಮಳೆಗಾಲದ ಬೆಳಿಗ್ಗೆ ಅತಿಥಿಗಳನ್ನು ದೇವರಮನೆ ಬೆಟ್ಟಕ್ಕೆ ಕರೆದೊಯ್ದೆ. ಬೆಟ್ಟ ಹಾಗಿರಲಿ, ನನ್ನ ಜೀಪಿನ ಬಾನೆಟ್ಟೇ ಕಾಣುತ್ತಿರಲಿಲ್ಲ. 'ಡ್ರೈವರ್ ಏನೂ ತೋರಿಸಲಿಲ್ಲ' ಎಂದು ಅವರು ಮೊಬೈಲಿನಲ್ಲಿ ರಿವ್ಯೂ ಬರೆದರು. ಮ್ಯಾನೇಜರ್ ನನ್ನನ್ನು ಕರೆಸಿದರು.

"ಸಾರ್, ಮಂಜು ಕವಿದಿತ್ತು."

"ಮಂಜು ಇರೋದು ಎಲ್ರಿಗೂ ಗೊತ್ತು ಕಣ್ರೀ. ಅದ್ರ ಬಗ್ಗೆ ನೀವೇನು ಕ್ರಮ ತಗೊಂಡ್ರಿ?"

ಇಂಬಳ

ತೋಟ ನೋಡಲು ಹೋದ ಒಂದು ಕುಟುಂಬದವರಿಗೆ ಇಂಬಳ ಹತ್ತಿ ರಕ್ತ ಹೀರಿತು. ಅವರು ಕೂಗಾಡಿ ದೂರು ಬರೆದರು. ಜೊತೆಗೆ ಹೋದವನು ನಾನಲ್ಲವೇ, ನನ್ನ ಅಂಕ ಕತ್ತರಿಸಿದರು. ಮರುವಾರ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಅದೇ ತೋಟ, ಅದೇ ದಾರಿ, ಬಹುಶಃ ಅದೇ ಇಂಬಳ. ಅವರು ಮಾತ್ರ ಕಾಲಿನ ಫೋಟೋ ಹಾಕಿ, 'ಇದು ನಿಜವಾದ ಕಾಡಿನ ಅನುಭವ' ಎಂದು ಹಾಡಿ ಹೊಗಳಿದರು. ಆ ಅನುಭವವನ್ನು ಯೋಜಿಸಿದ್ದು ತಾನೇ ಎಂದು ಮ್ಯಾನೇಜರ್ ರೆಸಾರ್ಟಿನ ಧಣಿಗಳಿಗೆ ವಿವರಿಸಿದರು.

ಕಾಲು ಕೊಟ್ಟವರು ನಾವು, ಕಚ್ಚಿದ್ದು ಇಂಬಳ, ಏರಿದ್ದು ಅವರ ಸಂಬಳ.

ನಿಮಗೆ ನೀವೇ

ಆಮೇಲೊಂದು ವರ್ಷ, ನಮಗೆ ನಾವೇ ಅಂಕ ಹಾಕಿಕೊಳ್ಳಬೇಕೆಂಬ ಹೊಸ ಪದ್ಧತಿ ಬಂತು. ನಾನು ಹತ್ತಕ್ಕೆ ಹತ್ತು ಹಾಕಿಕೊಂಡೆ. ಅಹಂಕಾರ ಎಂದರು ಮ್ಯಾನೇಜರ್. ಅಡುಗೆ ಭಟ್ಟರು ಸಂಕೋಚದ ಮನುಷ್ಯ, ಐದು ಹಾಕಿಕೊಂಡರು. "ನೀವೇ ಐದು ಅಂದ್ಮೇಲೆ ನಾನು ಜಾಸ್ತಿ ಕೊಡೋಕಾಗತ್ತಾ ಭಟ್ರೇ?" ಎಂದರು.

"ಹಾಗಾದ್ರೆ ಎಷ್ಟು ಹಾಕ್ಕೋಬೇಕಿತ್ತು ಸಾರ್?" ಎಂದು ಭಟ್ಟರು ಕೇಳಿದರು.

"ಅದು ಗೊತ್ತಿದ್ದಿದ್ರೆ ನೀವು ಒಲೆ ಮುಂದೆ ಯಾಕೆ ಇರ್ತಿದ್ರಿ?"

ಸೂಪರ್‌ವೈಸರ್

ಈ ವರ್ಷ ಸೂಪರ್‌ವೈಸರ್ ಜಾಗ ಖಾಲಿಯಾಯಿತು. ಉಳಿದ ಡ್ರೈವರುಗಳೆಲ್ಲ ನನಗಿಂತ ಹೊಸಬರು. ಈ ಸಲ ಖಂಡಿತ ಎಂದು ಹೆಂಡತಿಗೂ ಹೇಳಿಬಿಟ್ಟಿದ್ದೆ. ಅವಳು ಆಗಲೇ ಪಾತ್ರೆ ಕಟ್ಟಿಡಲು ಶುರುಮಾಡಿದ್ದಳು.

ಮಳೆ ಮುಗಿದ ಮೇಲೆ ಧಣಿಗಳ ಎದುರು ಮೀಟಿಂಗು ನಡೆಯಿತು. ಮ್ಯಾನೇಜರ್ ಎದ್ದು ನಿಂತು, "ಇಡೀ ಮಳೆಗಾಲದಲ್ಲಿ ಒಂದೇ ಒಂದು ದೂರೂ ಬರದ ಡ್ರೈವರ್ ಒಬ್ಬನೇ" ಎಂದು ಹೆಸರು ಓದಿದರು. ನಾವು ಮುಖ ಮುಖ ನೋಡಿಕೊಂಡೆವು. ನನಗೆ ತಡೆಯಲಾಗಲಿಲ್ಲ.

"ಸಾರ್, ಅವ್ನು ಮಳೆಗೆ ಮೊದ್ಲೇ ಕೆಲಸ ಬಿಟ್ಟು ಕಳಸಕ್ಕೆ ಹೋದ್ನಲ್ಲ!"

ಇನ್ನೊಬ್ಬರಾಗಿದ್ದರೆ ಕುಸಿದು ಕೂರುತ್ತಿದ್ದರು. ನಮ್ಮ ಮ್ಯಾನೇಜರ್ ಕಣ್ಣು ಕೂಡ ಮಿಟುಕಿಸಲಿಲ್ಲ. ಧಣಿಗಳ ಕಡೆ ತಿರುಗಿ, ನೊಂದ ದನಿಯಲ್ಲಿ, "ನೋಡಿದ್ರಾ ಸಾರ್, ಎಂಥೆಂಥವ್ರನ್ನ ನಾವು ಕಳ್ಕೊಳ್ತಾ ಇದೀವಿ!" ಎಂದರು. ಆ ಕ್ಷಣ ಅವರ ಕಾಲಿಗೆ ಬೀಳಬೇಕೆನಿಸಿತು ನನಗೆ, ದೇವರಾಣೆ.

"ಹೌದಲ್ರೀ. ಕೂಡ್ಲೇ ಕರೆಸಿ" ಎಂದರು ಧಣಿಗಳು.

ಕರೆತರಲು ಹೋದವನು ನಾನೇ. ಕಳಸದಲ್ಲಿ ಅವನು ಬಾಡಿಗೆಗೆ ಜೀಪ್ ಓಡಿಸುತ್ತಿದ್ದ. "ತಮಾಷೆ ಮಾಡ್ಬೇಡ ಹೋಗೋ ಮಾರಾಯ" ಎಂದು ಬಾಗಿಲು ಹಾಕಿಕೊಳ್ಳಲು ಹೋದ. ನಿಜವೆಂದು ಗೊತ್ತಾದಾಗ ಪಾಪ, ಅವನೂ ನನ್ನಷ್ಟೇ ಬೆರಗಾದ. ಅವನ ಮಂಚ, ಗ್ಯಾಸ್ ಒಲೆ, ಮಕ್ಕಳ ಸೈಕಲ್ಲು ಎಲ್ಲವನ್ನೂ ನನ್ನ ಜೀಪಿಗೇ ಹೇರಿ ತಂದು, ಕ್ವಾರ್ಟರ್ಸಿನಲ್ಲಿ ಇಳಿಸಿದೆ. ಹಾಲು ಉಕ್ಕಿಸುವಾಗ ಅಲ್ಲೇ ಇದ್ದೆ.

ಸಂಜೆ ಹೆಂಡತಿಗೆ ಫೋನು ಮಾಡಿ, ಆದದ್ದನ್ನೆಲ್ಲ ಹೇಳಿದೆ. ಅವಳು ಅಳುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ:

"ಅಲ್ಲ ಮಾರಾಯ್ರೆ, ಇಷ್ಟು ವರ್ಷ ಕೆಲಸ ಮಾಡ್ತಾ ಟೈಮ್ ಯಾಕೆ ಹಾಳು ಮಾಡಿದ್ರಿ?"