ಹುಳದ ಮೊಟ್ಟೆಗೆ ಐಸು

ನನ್ನ ನಾದಿನಿ ಮನುಷ್ಯರ ಮುಖ ನೋಡಿ ನಕ್ಕಿದ್ದನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬನ್ನಿ, ಚಹಾ ಕುಡಿಸುತ್ತೇನೆ! ಮಿಡತೆಯ ಹೊಟ್ಟೆ ನೋಡಿದರೆ ಮಾತ್ರ ಹಲ್ಲು ಬಿಡುತ್ತಾಳೆ, ಪುಣ್ಯಾತಗಿತ್ತಿ. ಆ ಹೊಟ್ಟೆಯೊಳಗೆ ಕೂದಲೆಳೆಯಂಥ ಹುಳವೊಂದು ಸುರುಳಿ ಸುತ್ತಿಕೊಂಡು ಬೆಳೆಯುತ್ತದಂತೆ. ಬೆಳೆದ ಮೇಲೆ ಮಿಡತೆಯನ್ನು ನೀರಿಗೆ ಹಾರಿಸಿ, ತಾನು ಹೊರಗೆ ಬರುತ್ತದಂತೆ. ಅದು ಹುಟ್ಟುವುದು ಹೇಗೆ, ಬೆಳೆಯುವುದು ಹೇಗೆ, ಅದರ ಜೀನ್‌ಗಳಲ್ಲಿ ಏನಿದೆ ಎಂಬುದೇ ಅವಳ ಪಿಎಚ್‌ಡಿ.

"ಬೇರೆ ಪ್ರಾಣಿಗಿದ್ದ ಎಷ್ಟೋ ಜೀನ್ ಇದಕ್ಕೆ ಇಲ್ವೇ ಇಲ್ಲ ಅತ್ತಿಗೆ!" ಎಂದಳು ಒಮ್ಮೆ.

"ಇಲ್ದೇ ಇದ್ದದ್ದನ್ನ ಹುಡ್ಕೂಕೆ ಇಷ್ಟೆಲ್ಲ ಓದ್ಬೇಕನೆ?" ಎಂದೆ. ಸಂಜೆಯ ತನಕ ಮಾತು ಬಿಟ್ಟಳು.

ಭಟ್ಕಳದ ಮದುವೆಯೊಂದರಲ್ಲಿ ಮದುಮಗನ ಪೇಟದ ಮೇಲೆ ಮಿಡತೆ ಕೂತಿತು. ಇವಳು ಮಂಟಪಕ್ಕೇ ಹತ್ತಿ, "ತಲೆ ಅಲ್ಲಾಡ್ಸ್ಬೇಡಿ!" ಎಂದು ಅವನನ್ನು ಗದರಿಸಿ, ಮಿಡತೆಯನ್ನು ಹಿಡಿದು ಡಬ್ಬಿಗೆ ಹಾಕಿಕೊಂಡಳು. ಪಾಪ, ಆ ಹುಡುಗ ತಾಳಿ ಕಟ್ಟುವಾಗಲೂ ಕತ್ತು ತಿರುಗಿಸಲಿಲ್ಲ.

ವರ್ಷಗಟ್ಟಲೆ ಹೀಗೆ ಹುಡುಕಿದ ಮೇಲೆ ಈ ಬೇಸಿಗೆಯಲ್ಲಿ ಒಂದೇ ಒಂದು ಹೆಣ್ಣು ಹುಳ ಮೊಟ್ಟೆಯಿಟ್ಟು ಸತ್ತಿತು. ಆ ಮೊಟ್ಟೆಗಳ ಬಾಟಲಿ ಹೊಳನಗದ್ದೆಯ ನಮ್ಮ ಮನೆಯ ಫ್ರಿಜ್ಜಿನಲ್ಲಿ, ನನ್ನ ದೋಸೆ ಹಿಟ್ಟಿನ ಪಕ್ಕ! ತಂಪು ತಪ್ಪಿದರೆ ಕೊಳೆಯುತ್ತವೆ. ಕೊಳೆತರೆ ಅವಳ ಓದು ಅಲ್ಲಿಗೇ ನಿಂತಂತೆ.

ಅದೇ ಹೊತ್ತಿಗೆ ಗಾಳಿಮಳೆ ಬಂತು. ಲೈನಿನ ಮೇಲೆ ಮರ ಬಿತ್ತು. "ಇವತ್ತು ಕರೆಂಟ್ ಬರೂದಿಲ್ಲ" ಎಂದ ಲೈನ್‌ಮ್ಯಾನ್. ಮಳೆ ನಿಂತದ್ದೇ ಸೆಕೆ, ಅಂತಿಂಥ ಸೆಕೆಯಲ್ಲ. ಫ್ರಿಜ್ಜು ಬೆಚ್ಚಗಾಗುತ್ತಿತ್ತು. ಕುಮಟಾ ಮೀನು ಪೇಟೆಯಲ್ಲಿ ಐಸು ಖಾಲಿ.

"ಹೊನ್ನಾವರದ ಐಸ್ ಫ್ಯಾಕ್ಟರಿಗೆ ಹೋಗ್ವಾ, ಅತ್ತಿಗೆ" ಎಂದಳು. ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡು ನನ್ನ ಸ್ಕೂಟಿಯ ಹಿಂದೆ ಕೂತಳು. ದಾರಿಯಲ್ಲಿ ಕರ್ಕಿ ಬರುವಷ್ಟರಲ್ಲಿ ಬಟ್ಟೆಯೂ ಒಣಗಿತ್ತು.

ಐಸ್ ಫ್ಯಾಕ್ಟರಿಯವ ಕೇಳಿದ, "ಎಂತ ಮೀನಕ್ಕಾ?"

"ಮೀನಲ್ಲ, ಹುಳದ ಮೊಟ್ಟೆ."

"ಅಯ್ಯೋ, ಅದಕ್ಕೂ ಗಿರಾಕಿ ಬಂದ್ವಾ?"

ನಗುವ ಹೊತ್ತೇ ಅದು? ಐಸು ನೇರ ತಾಗಿದರೆ ಮೊಟ್ಟೆ ಹೆಪ್ಪುಗಟ್ಟಿ ಸಾಯುತ್ತವಂತೆ, ಬಟ್ಟೆ ಸುತ್ತಿದರೆ ತಂಪು ಸಾಲದಂತೆ. ಅದಕ್ಕೆ ಇವಳು ಎರಡೂ ಅಂಗೈಯಲ್ಲಿ ಬಾಟಲಿಯನ್ನು ಮುಚ್ಚಿ ಹಿಡಿದು, ಕೈಗಳನ್ನು ಡಬ್ಬಿಯ ಐಸಿನಲ್ಲೇ ಹೂತುಕೊಂಡಳು.

"ಕೈ ತೆಗ್ಯೇ, ಮರಗಟ್ಟಿ ಹೋಗ್ತದೆ!" ಎಂದು ದಾರಿಯುದ್ದಕ್ಕೂ ಕೂಗಿದೆ.

"ನೀನು ಗಾಡಿ ಓಡ್ಸು!"

ಲಾರಿಗಳ ನಡುವೆ ಹೇಗೆ ಮನೆ ಮುಟ್ಟಿದೆನೋ, ಆ ದೇವರಿಗೇ ಗೊತ್ತು. ಕಿಟಕಿಯ ಬೆಳಕಿಗೆ ಅವಳ ಸೂಕ್ಷ್ಮದರ್ಶಕ ಇಟ್ಟು, ಅವಳು ಹೇಳಿದಂತೆ ನಾನೇ ಬಾಟಲಿಯ ನೀರು ಒಂದು ಹನಿ ಹಾಕಿದೆ. ಅವಳು ಮಾತ್ರ ಹತ್ತಿರ ಬರಲಿಲ್ಲ.

"ನಂಗೆ ಧೈರ್ಯ ಇಲ್ಲ. ನೀನೇ ನೋಡು ಅತ್ತಿಗೆ."

ಕಣ್ಣಿಟ್ಟೆ. ಯಾವುದೂ ಅಲ್ಲಾಡಲಿಲ್ಲ. ಕಣ್ಣು ಕೀಳದೆ ನೋಡುತ್ತಲೇ ಇದ್ದೆ. ಆಮೇಲೆ ಒಂದು ಮೊಟ್ಟೆಯೊಳಗಿನ ಮರಿಯ ಚೂರೇ ಚೂರು ಮೂತಿ ಮುಂದಕ್ಕೆ ಚಾಚಿ ಮತ್ತೆ ಒಳಗೆ ಹೋಯಿತು. ಪಕ್ಕದ್ದರಲ್ಲೂ ಹಾಗೇ. ಮುಂದಿನದು, ಅದರ ಮುಂದಿನದು ಎಂದು ಒಂದೊಂದನ್ನೇ ನೋಡುತ್ತ ಹೋದೆ.

"ಸತ್ತು ಹೋದ್ವಾ?" ಎಂದಳು ಮೆಲ್ಲಗೆ.

ತಿರುಗಿದೆ. ಅವಳ ಅಂಗೈಗಳು ಕೆಂಪಾಗಿ ಬಾತುಕೊಂಡಿದ್ದವು, ಬೆರಳು ಮಡಚಲೂ ಆಗುತ್ತಿರಲಿಲ್ಲ. ಆ ಎರಡೂ ಕೈಗಳನ್ನು ಎಳೆದುಕೊಂಡು ನನ್ನ ಕೆನ್ನೆಗೆ ಒತ್ತಿ ಹಿಡಿದೆ.

"ಎಲ್ಲಾ ಜೀವಂತ ಇದ್ವೇ, ನನ್ನ ತಂಗೀ."