ತಟ್ಟಿ ನೋಡದೆ ನಂಬದವನು

ದೇವರು ಪ್ರತ್ಯಕ್ಷನಾಗಿ ವರ ಕೇಳು ಎಂದರೆ ನನ್ನ ಈ ಸಹಪಾಠಿ ವರ ಕೇಳುವುದಿಲ್ಲ. ಒಳಗೆ ಟೊಳ್ಳೋ ಗಟ್ಟಿಯೋ ಎಂದು ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾನೆ.

ತಪ್ಪು ಅವನದಲ್ಲ, ಕಸುಬಿನದು. ವಿಜಯನಗರದಲ್ಲಿ ಅವನಿಗೆ ಪ್ಲೈವುಡ್ ಅಂಗಡಿಯಿದೆ. ಮೇಲ್ಪದರ ಎಷ್ಟೇ ಮಿನುಗಿದರೂ ಒಳಗೆ ಪೊಳ್ಳಿರುವ ಹಲಗೆ ತಟ್ಟಿದರೆ ಬೇರೆಯೇ ಸದ್ದು ಕೊಡುತ್ತದಂತೆ. ಹಲಗೆಯಿಂದ ಶುರುವಾದ ಚಟ ಕಲ್ಲಂಗಡಿ ಹಣ್ಣಿಗೆ, ಕಲ್ಯಾಣಮಂಟಪದ ಕಂಬಕ್ಕೆ, ಕೊನೆಗೆ ಮನುಷ್ಯರಿಗೂ ಹಬ್ಬಿತು. ಇಂಥವನ ಕೈಗೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾರ್ಷಿಕ ಸಂಚಿಕೆಯ ‘ಈಗ ಎಲ್ಲಿದ್ದಾರೆ’ ಪುಟ ಸಿಕ್ಕರೆ ಏನಾಗಬೇಡ?

ಬೇರೆ ಕಾಲೇಜುಗಳಲ್ಲಿ ಅವರವರು ಕಳಿಸಿದ್ದನ್ನು ಅಚ್ಚು ಹಾಕುತ್ತಾರೆ. ಇವನು ಹೋಗಿ ನೋಡಿ ಬರುತ್ತಾನೆ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವನಾದ್ದರಿಂದ ಆ ಪುಟದ ಕರಡು ತಿದ್ದುವುದು ನನ್ನ ಪಾಲಿಗೆ ಬಂದಿದೆ. ನಮ್ಮ ವರದಿಗಾರರು ಇವನ ಅರ್ಧದಷ್ಟು ನಡೆದಿದ್ದರೂ ಸಾಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಒಬ್ಬ ಗೆಳೆಯ ‘ಕಾಮಾಕ್ಷಿಪಾಳ್ಯದಲ್ಲಿ ಸಿದ್ಧ ಉಡುಪು ಉದ್ಯಮಿ’ ಎಂದು ಬರೆದು ಕಳಿಸಿದ್ದ. ಇವನು ಹೋಗಿ ನೋಡಿ ಹೀಗೆ ಹಾಕಿದ: ‘ಆರು ಹೊಲಿಗೆ ಯಂತ್ರಗಳಿವೆ. ಐದು ಓಡುತ್ತವೆ. ಆರನೆಯದರ ಮೇಲೆ ಟವೆಲ್ ಒಣಗುತ್ತಿದೆ.’ ಉದ್ಯಮಿ ಮಾತು ಬಿಟ್ಟ. ಮರುವರ್ಷ ಅವನಿಂದಲೇ ಫೋನು. “ಆರನೇದೂ ಓಡ್ತಿದೆ ಕಣೋ. ಬಂದು ತಟ್ಕೊಂಡು ಹೋಗು.”

ಕೆಂಗೇರಿಯ ಸಹಪಾಠಿಯೊಬ್ಬಳು ‘ಗೃಹಿಣಿ ಮಾತ್ರ’ ಎಂದಿದ್ದಳು. ಅದನ್ನೂ ಇವನು ನಂಬಲಿಲ್ಲ. ಹೋಗಿ ನೋಡಿದರೆ ಅವಳ ಮನೆಯ ವರಾಂಡದಲ್ಲಿ ಬೀದಿಯ ಮಕ್ಕಳೆಲ್ಲ ಸಾಲಾಗಿ ಕೂತು ಗಣಿತ ಕಲಿಯುತ್ತಿದ್ದರು. ಬಾಗಿಲಲ್ಲೇ ಪೆನ್ನು ತೆಗೆದು ‘ಮಾತ್ರ’ವನ್ನು ಹೊಡೆದುಹಾಕಿದ.

ಹೀಗೆ ನಗುತ್ತ ನಡೆದಿದ್ದ ಪುಟ ಈ ವರ್ಷ ಶಂಭುಲಿಂಗನ ಹೆಸರಿಗೆ ಬಂದು ನಿಂತಿತು. ಶಂಭು ರಾಣೆಬೆನ್ನೂರಿನಿಂದ ಓದಲು ಬಂದು ಇಲ್ಲೇ ನೆಲೆಸಿದವನು. ಅವನ ಹೆಂಡತಿ ಗಿರಿಜಾ ಕೂಡ ನಮ್ಮ ಕಾಲೇಜಿನವಳೇ, ನಮಗಿಂತ ಚಿಕ್ಕವಳು. ಸಂಚಿಕೆ ಕೈಗೆ ಬಂದರೆ ಅವಳು ಮೊದಲು ಬಿಡಿಸುವುದು ಆ ಪುಟವನ್ನೇ. ಶಂಭು ‘ಹಿರಿಯ ವ್ಯವಸ್ಥಾಪಕ, ಲೆಕ್ಕಪತ್ರ ವಿಭಾಗ, ಹೋದ ವರ್ಷದಂತೆಯೇ’ ಎಂದು ಕಳಿಸಿದ್ದ.

“ಹೋದ ವರ್ಷದಂತೆಯೇ ಅಂತ ಯಾರಾದ್ರೂ ಬರೀತಾರಾ?” ಎಂದ ಇವನು. “ಸದ್ದು ಸರಿ ಇಲ್ಲ. ಬಾ.”

ಸೋಮವಾರ ನಾಯಂಡಹಳ್ಳಿಯ ಆ ಕಾರ್ಖಾನೆಗೆ ಇಬ್ಬರೂ ಹೋದೆವು. ಗೇಟಿನವರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. “ಶಂಭು ಸಾರಾ? ಯುಗಾದಿಗೆ ಮುಂಚೇನೇ ತೆಗೆದ್ರಲ್ಲ ಸಾರ್.”

ಆಗ ಆಷಾಢ ನಡೆದಿತ್ತು. ಇವನು ಅಲ್ಲೇ ನಿಂತು ಶಂಭುವಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

“ಮೀಟಿಂಗಲ್ಲಿದೀನಿ ಮಗಾ, ಆಮೇಲೆ ಮಾಡ್ತೀನಿ.” ಹಿಂದೆ ಜೋಕಾಲಿ ಕಿರುಗುಟ್ಟುತ್ತಿತ್ತು. ‘ಅಜ್ಜಿ, ಜೋರಾಗಿ ತಳ್ಳು’ ಎಂದು ಮಗುವೊಂದು ಕೂಗಿತು.

“ಯಾವ ಪಾರ್ಕಲ್ಲೋ ಮೀಟಿಂಗು?”

ಜೋಕಾಲಿಯ ಸದ್ದು ದೂರವಾಯಿತು. ಶಂಭು ಧ್ವನಿ ತಗ್ಗಿಸಿ, “ಹೊಸಹಳ್ಳಿ” ಎಂದ.

ನಾವು ಪಾರ್ಕಿಗೆ ಹೋದಾಗ ಶಂಭು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಡೆಯ ಮೇಲೆ ಲ್ಯಾಪ್‌ಟಾಪ್ ಬ್ಯಾಗಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಊಟದ ಡಬ್ಬಿ. ಇವನು ಅಭ್ಯಾಸಬಲದಿಂದ ಡಬ್ಬಿ ತಟ್ಟಿದ. ತುಂಬಿದ ಸದ್ದು ಬಂತು. ಊಟದ ಹೊತ್ತು ಕಳೆದು ಹೋಗಿತ್ತು.

“ಗಿರಿಜಾಗೆ ಗೊತ್ತಾ?”

“ಇಲ್ಲೋ. ಹೇಳೋಣಂತ ದಿನಾ ಅನ್ಕೋತೀನಿ. ಅಷ್ಟ್ರಾಗ ಡಬ್ಬಿ ಕಟ್ಟಿ ಕೈಗೆ ಕೊಡ್ತಾಳ. ಆಮ್ಯಾಲೆ ಬಾಯೇ ಬರಂಗಿಲ್ಲ.” ಸಂಕಟದಲ್ಲಿ ಶಂಭುವಿಗೆ ಊರಿನ ಮಾತೇ ಬರುತ್ತಿತ್ತು. “ಹ್ವಾದ ವರ್ಷದ್ದ ಹಾಕಿಬಿಡೋ ಗುರು. ಒಂದು ಸಾಲು. ಯಾರಿಗೇನು ನಷ್ಟ?”

“ಸುಳ್ಳು ಹಾಕಲ್ಲ.”

“ಹೆಸರೇ ಬಿಟ್ಟುಬಿಡು,” ಎಂದೆ ನಾನು. ನಮ್ಮ ಡೆಸ್ಕಿನಲ್ಲಿ ಅನುಮಾನವಿದ್ದುದನ್ನು ಬಿಡುವುದೇ ನಿಯಮ.

“ಬಿಟ್ರೆ ಅವಳು ಮೊದಲು ಹುಡುಕೋದೇ ಅದನ್ನ.” ಇವನು ಶಂಭುವಿನ ಕಡೆ ತಿರುಗಿದ. “ನೋಡು, ಶುಕ್ರವಾರ ಸಂಜೆ ಪುಟ ಪ್ರೆಸ್ಸಿಗೆ ಹೋಗತ್ತೆ. ಅಷ್ಟರೊಳಗೆ ನೀನೇ ಹೇಳು. ಹೇಳ್ಲಿಲ್ಲ ಅಂದ್ರೆ ನಾನು ನೋಡಿದ್ದು ಹಾಕ್ತೀನಿ.”

ಶಂಭು ಡಬ್ಬಿಯನ್ನು ಬ್ಯಾಗಿನೊಳಗೆ ತುರುಕಿದ. ದಾರಿಯುದ್ದಕ್ಕೂ ನಾನು ಇವನನ್ನು ಬೈದೆ. ಇಪ್ಪತ್ತು ವರ್ಷದ ಸಂಸಾರ, ಪ್ಲೈವುಡ್ ಅಲ್ಲ ಎಂದೆ.

ಮಂಗಳವಾರ ಫೋನಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಸಂಜೆ ನಾನು ಅಂಗಡಿಗೆ ಹೋದಾಗ ಕರಡು ಹಲಗೆಯ ಮೇಲೆ ಹರಡಿತ್ತು. ಶಂಭುಲಿಂಗ ಎಂಬ ಹೆಸರಿನ ಮುಂದೆ ಜಾಗ ಖಾಲಿ. ಇವನು ಗಿರಾಕಿಗಳನ್ನು ಗಮನಿಸದೆ ಹಲಗೆ ತಟ್ಟುತ್ತ ಕೂತಿದ್ದ. ಪ್ರೆಸ್ಸಿನಿಂದ ಫೋನ್ ಬಂತು. “ಪುಟ ಕೊಡ್ತೀರೋ ಇಲ್ವೋ ಸಾರ್? ಮಿಷನ್ ಖಾಲಿ ನಿಂತಿದೆ.”

“ನಿಂತಿರಲಿ.”

“ಏನು ಬರೀತೀಯಾ?” ಎಂದು ಕೇಳಿದೆ. ಪೆನ್ನು ತೆಗೆದ, ಮುಚ್ಚಿಟ್ಟ.

ಮತ್ತೆ ಫೋನ್ ಬಂತು. ಈ ಸಲ ಗಿರಿಜಾ.

“ಅಣ್ಣ, ಬರ್ಕೊಳ್ಳಿ. ಸದ್ಯಕ್ಕೆ ಮನೇಲಿದ್ದಾರೆ. ಕೆಲಸ ಹುಡುಕ್ತಿದ್ದಾರೆ. ‘ಸದ್ಯಕ್ಕೆ’ ಬಿಟ್ಟು ಹೋಗ್ಬಾರ್ದು.”

ಇವನು ಪೆನ್ನಿನ ಮುಚ್ಚಳ ತೆಗೆದ. “ಹೇಳಿದ್ನಾ?”

“ಈಗ ಹೇಳಿದ್ರು. ಇಷ್ಟು ದಿನ ಆ ಬೆಂಚಿನ ಮೇಲೆ ಒಬ್ರೇ ಕೂತಿದ್ರಂತೆ. ಚೆನ್ನಾಗಿ ಬೈದಿದೀನಿ. ನಿಮಗೂ ಇದೆ, ಭಾನುವಾರ ಸಿಗಿ.”

“ಆಯ್ತಮ್ಮ. ಅವನು…”

“ಊಟ ಮಾಡ್ತಿದಾರೆ. ಡಬ್ಬೀಲಿದ್ದದ್ದನ್ನೇ.”

ಇವನು ಆ ಎರಡು ಸಾಲುಗಳನ್ನು ನಿಧಾನವಾಗಿ ಬರೆದ. ‘ಸದ್ಯಕ್ಕೆ’ಯನ್ನು ತಿದ್ದಿ ದಪ್ಪ ಮಾಡಿದ. ವಿಜಯನಗರದಿಂದ ಅವರ ಮನೆಗೆ ಆಟೋದಲ್ಲಿ ಹತ್ತು ನಿಮಿಷವೂ ಬೇಡ.

“ಹೋಗಿ ನೋಡ್ಕೊಂಡು ಬರೋಣ್ವಾ?” ಎಂದೆ.

ತಟ್ಟಲು ಎತ್ತಿದ್ದ ಕೈಯನ್ನು ಅವನು ಹಲಗೆಯ ಮೇಲೆ ಮೆಲ್ಲಗೆ ಊರಿದ.

“ಬೇಡ. ಅವಳೇ ಹೇಳಿದ್ಲಲ್ಲ.”