ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಕಳಚಿಬಿದ್ದ ಇಂಜಿನಿಯರ್ ಪದನಾಮದ ಬಗ್ಗೆ

ನಿರ್ವಹಣಾ ವಿಭಾಗ, ಕನ್ನಡಿಗರ ವಸತಿ ಸಮುಚ್ಚಯ, ನೋಯ್ಡಾ
ಸಂಖ್ಯೆ: ನಿವಿ/ಪದನಾಮ/22/2024-25
ದಿನಾಂಕ: 21-10-2024

ವಿಷಯ: ಇಂಜಿನಿಯರ್ ಅಲ್ಲದ ಇಂಜಿನಿಯರ್‌ಗಳು ಪಾಲಿಸತಕ್ಕ ಕ್ರಮಗಳು.

ಉಲ್ಲೇಖ: 1) ಈ ವಿಭಾಗದ ಕರಪತ್ರ, “ಇಪ್ಪತ್ತೆರಡು ಇಂಜಿನಿಯರ್‌ಗಳ ಅವಿರತ ಸೇವೆ”.
2) ಶ್ರೀಮತಿ ಇಂದಿರಮ್ಮನವರ ಬಾಲ್ಕನಿ, ಬಿ-904.

ಕರಪತ್ರ ಮೊದಲು ಅಚ್ಚಾಗಿ, ಇಂಜಿನಿಯರ್‌ಗಳು ಆಮೇಲೆ ಬೇಕಾದ ಕಾರಣ, ಕಳೆದ ಏಪ್ರಿಲ್‌ನಲ್ಲಿ ಪಂಪ್ ಆಪರೇಟರ್‌ಗೆ ಜಲ ಇಂಜಿನಿಯರ್, ಗೇಟಿನ ಕಾವಲುಗಾರರಿಗೆ ಪ್ರವೇಶ ಇಂಜಿನಿಯರ್, ಹದಿನಾಲ್ಕು ವರ್ಷಗಳಿಂದ ಇಲ್ಲಿ ಗೋಡೆಗೆ ಬಣ್ಣ ಹಚ್ಚುತ್ತಿರುವ ಶ್ರೀ ಗೋಪಿನಾಥ ಅವರಿಗೆ ಕಟ್ಟಡ ಸುರಕ್ಷತಾ ಇಂಜಿನಿಯರ್ ಎಂಬ ಪದನಾಮ ನೀಡಿ, ವಿಸಿಟಿಂಗ್ ಕಾರ್ಡ್ ಮುದ್ರಿಸಿಕೊಡಲಾಗಿತ್ತು.

ದಿನಾಂಕ 08-10-2024ರಂದು ದಸರೆಯ ಬೊಂಬೆ ನೋಡಲು ಇಪ್ಪತ್ತು ಮಂದಿಯನ್ನು ಕರೆದಿದ್ದ ಇಂದಿರಮ್ಮನವರು, ಬಾಲ್ಕನಿಯಲ್ಲಿ ಬಿರುಕು ಕಂಡು ಸದರಿ ಗೋಪಿನಾಥರನ್ನು ಕರೆಸಿದರು. ದೂರು ಪುಸ್ತಕದಲ್ಲಿ ನಮೂದಾಗಿರುವಂತೆ ನಡೆದ ಮಾತುಕತೆ:

“ಈಗ ನೀವೇ ಇಂಜಿನಿಯರ್ ಅಲ್ವಾ, ಹೇಳಿ. ಇಪ್ಪತ್ತು ಜನ ನಿಂತ್ರೆ ತಡಿಯುತ್ತಾ?”

“ಬಿರುಕಿಗೆ ಪುಟ್ಟಿ ಹಚ್ಚು ಅಂದ್ರೆ ಹಚ್ತೀನಿ ಅಮ್ಮಾ. ತಡಿಯುತ್ತೆ ಅಂತ ಹೇಳೋಕೆ ನಂಗೆ ಗೊತ್ತಿಲ್ಲ. ಕಾರ್ಡ್ ನೋಡಿ ಇಲ್ಲಿ ಯಾರನ್ನೂ ನಿಲ್ಲಿಸ್ಬೇಡಿ.”

ಅತಿಥಿಗಳು ಒಳಗೇ ಕುಳಿತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಕಡಲೆ ಉಸಲಿ ತಿಂದರು. ಮರುದಿನ ಸಿ-ಬ್ಲಾಕ್ ನಿವಾಸಿ, ಸಿವಿಲ್ ಇಂಜಿನಿಯರಿಂಗ್ ಓದಿರುವ ಕುಮಾರಿ ಧಾರಿಣಿಯವರು ಬಾಲ್ಕನಿಯನ್ನು ಪರೀಕ್ಷಿಸಿ, ಒಳಗಿನ ಕಬ್ಬಿಣದ ಸರಳುಗಳು ತುಕ್ಕು ತಿಂದಿವೆಯೆಂದು ಲಿಖಿತವಾಗಿ ತಿಳಿಸಿದರು. ಬಾಲ್ಕನಿಗೆ ಅಂದೇ ಕೆಳಗಿನಿಂದ ಆಸರೆ ಕೊಡಲಾಗಿದೆ.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

1. ಇಂಜಿನಿಯರ್ ಪದನಾಮವು ಕಾರ್ಡಿನ ಮೇಲೆ ಮಾತ್ರ ಊರ್ಜಿತವಾಗಿರತಕ್ಕದ್ದು.

2. “ತಡಿಯುತ್ತಾ?” ಎಂದು ನಿವಾಸಿಗಳು ಕೇಳಿದ ಕ್ಷಣದಲ್ಲಿ ಸದರಿ ಪದನಾಮವು ತಾನಾಗಿ ರದ್ದಾಗತಕ್ಕದ್ದು. ಅವರು ಲಿಫ್ಟ್ ಹತ್ತಿದ ಕೂಡಲೇ ಮರಳಿ ಜಾರಿಗೆ ಬರತಕ್ಕದ್ದು.

3. ಲಿಫ್ಟ್ ಮಹಡಿಗಳ ನಡುವೆ ನಿಂತಲ್ಲಿ, ಒಳಗಿರುವವರು “ಇಂಜಿನಿಯರ್” ಎಂದು ಕೂಗಬಾರದು. ಕಳೆದ ಸಲ ಹದಿನೇಳು ಮಂದಿ ಬಂದು ಹೊರಗೆ ನಿಂತಿದ್ದರಿಂದ, ಬಾಗಿಲು ತೆರೆಯಬಲ್ಲ ಮೆಕ್ಯಾನಿಕ್‌ಗೆ ದಾರಿಯೇ ಸಿಕ್ಕಿರುವುದಿಲ್ಲ.

4. ಗೊಂದಲ ತಪ್ಪಿಸಲು, ಪದವಿ ಪಡೆದ ಇಂಜಿನಿಯರ್ ಆಗಿರುವ ಕುಮಾರಿ ಧಾರಿಣಿಯವರನ್ನು ಮುಂದಿನ ಆದೇಶದವರೆಗೆ “ನಿವಾಸಿ” ಎಂದೇ ಸಂಬೋಧಿಸತಕ್ಕದ್ದು.

5. ಶ್ರೀ ಗೋಪಿನಾಥರು ತಮ್ಮ ಕಾರ್ಡುಗಳ ಕಟ್ಟನ್ನು ಕಚೇರಿಗೆ ಹಿಂದಿರುಗಿಸಿ, “ಪೇಂಟರ್ ಅಂತಲೇ ಕರೀರಿ, ನಿದ್ದೆ ಬರುತ್ತೆ” ಎಂದು ಮೌಖಿಕವಾಗಿ ಕೋರಿದ್ದಾರೆ. ಕೋರಿಕೆಯನ್ನು ನಿರಾಕರಿಸಲು ನಿಯಮಗಳಲ್ಲಿ ಅವಕಾಶ ಹುಡುಕಲಾಯಿತು, ಸಿಕ್ಕಿರುವುದಿಲ್ಲ. ಅಂಗೀಕರಿಸಲಾಗಿದೆ.

6. ತದನಂತರ ಇನ್ನೂ ಹನ್ನೊಂದು ಮಂದಿ ಕಾರ್ಡ್ ಹಿಂದಿರುಗಿಸಿರುವುದರಿಂದ, ಕರಪತ್ರದ “ಇಪ್ಪತ್ತೆರಡು” ಎಂಬುದನ್ನು “ಹಲವು” ಎಂದು ಓದಿಕೊಳ್ಳತಕ್ಕದ್ದು.

ಸಹಿ/-
ಅಶ್ವತ್ಥನಾರಾಯಣ
ವ್ಯವಸ್ಥಾಪಕ (ಪದನಾಮ ಪರಿಶೀಲನೆಯಲ್ಲಿದೆ)

ಪ್ರತಿಗಳು:
1. ಎಲ್ಲ ಬ್ಲಾಕ್‌ಗಳ ಸೂಚನಾ ಫಲಕಗಳಿಗೆ.
2. ಕರಪತ್ರ ಅಚ್ಚುಮಾಡಿದವರಿಗೆ: ಮುಂದೆ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಮುದ್ರಿಸಲು.
3. ಶ್ರೀಮತಿ ಇಂದಿರಮ್ಮ, ಬಿ-904: ಒಳಗೇ ಕುಳಿತು ಓದಿಕೊಳ್ಳಲು.
4. ಶ್ರೀ ಗೋಪಿನಾಥ, ಪೇಂಟರ್: ಧನ್ಯವಾದಗಳೊಂದಿಗೆ. (ಧನ್ಯವಾದಗಳು ಅನುಮೋದನೆಗೆ ಕಾಯದೆ ಕಳುಹಿಸಲ್ಪಟ್ಟಿವೆ.)